ಸ್ಟಿಯರಿಂಗ್ ಬಿಡದ ವರ್ನಾ

ವರ್ನಾ ಟೋರ್ಗರ್ಸನ್ ಎಂದರೆ ಅರಿಜೋನಾದ ಆ ಮರಳುಬಯಲಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಕೋಟಾ ವರ್ನಾ ಎನ್ನಬೇಕು. ಚಳಿಗಾಲ ಕಳೆಯಲು ಮನೆಗಾಡಿ ಓಡಿಸಿಕೊಂಡು ಬಂದು ಅಲ್ಲಿ ಬೀಡು ಬಿಡುವ ಮುದುಕ ಮುದುಕಿಯರಿಗೆಲ್ಲ ಹೆಸರಿಗೆ ಮೊದಲು ತಾವು ಬಿಟ್ಟುಬಂದ ರಾಜ್ಯದ ಹೆಸರು ಅಂಟಿಕೊಳ್ಳುತ್ತಿತ್ತು. ಮನೆತನದ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ. ಇದ್ದ ಮನೆ ಮಾರಿ, ಮಂಚ ಕುರ್ಚಿಗಳನ್ನು ಮಕ್ಕಳಿಗೆ ಹಂಚಿ, ಉಳಿದ ಆಯುಷ್ಯವನ್ನು ಚಕ್ರದ ಮೇಲೆ ಹೇರಿಕೊಂಡು ಬಂದವರಿಗೆ ಮನೆತನ ಕಟ್ಟಿಕೊಂಡು ಆಗಬೇಕಾದ್ದೇನು ಎಂಬ ಜಂಬ ಅವರಿಗೆ. ಆ ಜಂಬಕ್ಕೆ ಎಷ್ಟು ಬೆಲೆ ತೆರಬೇಕೆಂದು ವರ್ನಾಳನ್ನು ಕೇಳಬೇಕು.

ಆಳು ಕುಳ್ಳಿ. ಐದಡಿಗೂ ಎರಡು ಬೆರಳು ಕಡಿಮೆ. ಆದರೆ ಉತ್ತರ ಡಕೋಟಾದ ಹಿಮದಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಕಾಲು ಎಟುಕುವುದಿಲ್ಲವೆಂದು ಶಾಲೆಯವರು ಮೊದಲ ದಿನವೇ ಕೆಲಸ ಕೊಡುವುದಿಲ್ಲ ಎಂದಿದ್ದರಂತೆ. ಶೆಡ್ಡಿನ ಮೆಕ್ಯಾನಿಕ್ ಬ್ರೇಕಿಗೂ ಆಕ್ಸಿಲರೇಟರಿಗೂ ಮರದ ತುಂಡು ಕಟ್ಟಿಕೊಟ್ಟ. ಅಲ್ಲಿಂದ ಮುಂದೆ ಒಂದು ಮಗುವಿನ ಮೂಗಿಗೂ ಗಾಯವಾಗದಂತೆ ಬಸ್ಸು ಓಡಿಸಿದಳು. ಹೀಗೆ ಊರಿನ ಮಕ್ಕಳನ್ನೆಲ್ಲ ಹೊತ್ತು ತಂದವಳಿಗೆ ತನ್ನ ಮನೆಯ ಕಾರಿನ ಸ್ಟಿಯರಿಂಗ್ ಮುಟ್ಟುವ ಭಾಗ್ಯವಿರಲಿಲ್ಲ. ಗಂಡ ಓರಿನ್ ಬಿಡುತ್ತಿರಲಿಲ್ಲ. "ರಸ್ತೆ ನೋಡ್ಕೊಳ್ಳೋದು ನನ್ ಕೆಲ್ಸ. ನಿನ್ ಕಡೆ ಬಾಗಿಲು ಸರಿಯಾಗಿ ಹಾಕಿದೀಯಾ, ಅದನ್ ನೋಡ್ಕೊ," ಎನ್ನುತ್ತಿದ್ದ. ನಲವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಓರಿನ್ ಸತ್ತ ವರ್ಷವೇ ಮನೆ ಮಾರಿ ಹಳೆಯದೊಂದು ಚಿಕ್ಕ ಮೋಟರ್‌ಹೋಮ್ ಕೊಂಡಳು, ಪೆಡಲಿಗೆ ಮರದ ತುಂಡು ಕಟ್ಟಿಸಿದಳು, ದಕ್ಷಿಣದ ದಾರಿ ಹಿಡಿದಳು. ಊರು ಆಡಿಕೊಂಡಿತು. ಆಡಿಕೊಳ್ಳುವ ಬಾಯಿಗೆ ಬೀಗವುಂಟೇ? ಅವಳು ಕನ್ನಡಿಯಲ್ಲಿ ಕೂಡ ತಿರುಗಿ ನೋಡಲಿಲ್ಲ.

ಮರಳುಬಯಲಿನಲ್ಲಿ ಅವಳ ಪಕ್ಕಕ್ಕೆ ಬಂದು ನಿಂತವನು ನೆಬ್ರಾಸ್ಕ ಡೆಲ್. ಬಾವಿಯ ಪಂಪು ರಿಪೇರಿ ಮಾಡಿ ನಿವೃತ್ತನಾದವನು. ತನ್ನದೇ ಗಾಡಿಯ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಹೋಗಲಾರದಷ್ಟು ಉದ್ದ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಮೊದಲ ವರ್ಷ ಅವಳ ನೀರಿನ ಪಂಪು ಕೆಟ್ಟಿತು, ಅವನು ಸರಿಮಾಡಿದ, ಅವಳು ಹುರುಳಿಕಾಯಿ ಬೀಜದ ಸಾರು ಮಾಡಿ ಬಡಿಸಿದಳು. ಅದೂ ಸೇರಿ ಏಳು ಚಳಿಗಾಲ ಎರಡು ಗಾಡಿಗಳೂ ಅಕ್ಕಪಕ್ಕ ನಿಂತವು. ಆಗಿನ್ನೂ ಕಿಸೆಗೊಂದು ಫೋನು ಬಂದಿರಲಿಲ್ಲ. ಗಾಡಿಗಳಲ್ಲಿ ನಾಲ್ಕೈದು ಮೈಲಿ ದೂರದವರೆಗೆ ಮಾತಾಡಿಕೊಳ್ಳುವ ರೇಡಿಯೋ ಇರುತ್ತಿತ್ತು. ಪ್ರತಿ ನವೆಂಬರಿನಲ್ಲಿ ಡೆಲ್ ಗುಡ್ಡ ಇಳಿಯುವಾಗಲೇ ಅದರಲ್ಲಿ ಕೂಗುತ್ತಿದ್ದ.

"ಡಕೋಟಾ, ಕಾಫಿ ಇಟ್ಟಿದೀಯೋ, ಇಲ್ಲಾ ಮುಂದಿನ ಮುದುಕಿ ಹತ್ರ ಹೋಗ್ಲೋ?"

"ಹೋಗು, ಯಾರು ಬೇಡ ಅಂದ್ರು? ಆ ಮುದುಕಿ ಕಾಫಿ ಕುಡಿದವನು ಮತ್ತೆ ಎದ್ದಿದ್ದು ನಾನಂತೂ ನೋಡಿಲ್ಲ."

ಇಡೀ ಬಯಲು ರೇಡಿಯೋದಲ್ಲಿ ಅದನ್ನು ಕೇಳಿಸಿಕೊಂಡು ನಗುತ್ತಿತ್ತು. ವರ್ನಾ ಗಾಡಿಯ ಹಿಂದೆ ನಿಂತು ಕೈ ಬೀಸಿ ಬೀಸಿ ಅವನನ್ನು ಹಿಮ್ಮುಖವಾಗಿ ಜಾಗಕ್ಕೆ ತರುತ್ತಿದ್ದಳು. ಎದುರಿನ ಗಾಡಿಯ ಐಯೋವಾ ಬರ್ನಡೀನಳಿಗೆ ಮಾತಾಡಲು ಅಷ್ಟೇ ಸಾಕಾಗಿತ್ತು. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಯಾವಾಗ್ರೇ ಮದುವೆ?" ಎಂದು ಕೆಣಕುತ್ತಿದ್ದಳು. "ನಿಂದು ಮೂರನೇದು ಮುಗೀಲಿ, ಆಮೇಲೆ ನಂದು," ಎಂದು ವರ್ನಾ ಬಾಯಿ ಮುಚ್ಚಿಸುತ್ತಿದ್ದಳು. ರಾತ್ರಿ ಯಾವ ಗಾಡಿಯ ದೀಪ ಮೊದಲು ಆರುತ್ತಿತ್ತು ಎಂಬ ಲೆಕ್ಕ ನಮಗೆ ಬೇಡ. ಅವಳು ಸುಖವಾಗಿದ್ದಳು, ಅಷ್ಟು ಗೊತ್ತಿದ್ದರೆ ಸಾಕು.

ಏಪ್ರಿಲ್ ಬಂದರೆ ಬಿಸಿಲು ಅಟ್ಟುತ್ತದೆ. ಅವನು ನೆಬ್ರಾಸ್ಕದಲ್ಲಿ ಮಗಳ ಮನೆಯಂಗಳಕ್ಕೆ, ಇವಳು ಎಲ್ಲೋ ಒಂದು ಕೆರೆಯ ದಂಡೆಗೆ. ಏಳನೆಯ ಏಪ್ರಿಲಿನಲ್ಲಿ, ಹೊರಡುವ ಹಿಂದಿನ ಸಂಜೆ, ಡೆಲ್ ಮಾತು ತೆಗೆದ.

"ಎರಡು ಇಂಜಿನ್ನು, ಎರಡು ಒಲೆ, ಎರಡು ಬಾಗಿಲು. ಯಾಕೆ ಬೇಕು ಹೇಳು? ಒಂದನ್ನ ಮಾರಿಬಿಡೋಣ ಕಣೇ. ನಂದು ದೊಡ್ಡದಿದೆ. ಬೇಸಿಗೇನೂ ಒಟ್ಟಿಗೇ ಕಳೆಯೋಣ."

"ನಿನ್ ಗಾಡೀಲಿ ನಾನು ಎಲ್ಲಿ ಕೂರೋದು?"

"ಎಲ್ಲಿ ಅಂದ್ರೆ? ನನ್ ಪಕ್ಕ."

"ಅದೇ ಮತ್ತೆ. ಪಕ್ಕದ ಸೀಟು. ನಲವತ್ತು ವರ್ಷ ಕೂತಿದೀನಿ ಡೆಲ್ ಆ ಸೀಟಲ್ಲಿ. ಮತ್ತೆ ಅಲ್ಲಿ ಕೂರೋದಕ್ಕಿಂತ ಈ ಮರಳಲ್ಲಿ ಒಬ್ಬಳೇ ಸಾಯ್ತೀನಿ. ನೀನೂ ಓರಿನ್ನೂ ಒಂದೇ ಅಚ್ಚು."

ಡೆಲ್ ವಾದಿಸಲಿಲ್ಲ. ಕೆಟ್ಟ ಪಂಪಿನ ಮುಂದೆ ಕೂತವನಂತೆ ಅವಳನ್ನೇ ಬಹಳ ಹೊತ್ತು ನೋಡಿದ. ಬಯಲಿನ ಜನ ಹೊರಡುವಾಗ ಬೀಳ್ಕೊಡುವ ಮಾತಾಡುವುದಿಲ್ಲ, "ದಾರೀಲಿ ಸಿಗೋಣ" ಎನ್ನುತ್ತಾರೆ. ಬೆಳಿಗ್ಗೆ ಅವನು ಕಿಟಕಿಯಿಂದ ಕೈಯೆತ್ತಿ ಹಾಗೆಂದ. ವರ್ನಾ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು, ಬಾಯಿ ಬಿಡಲಿಲ್ಲ. ಗಾಡಿ ಧೂಳೆಬ್ಬಿಸಿಕೊಂಡು ಹೋಗಿ ಕಣ್ಮರೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವಳಂತೂ ಒಂದು ಮಾತನ್ನು ಆಡಿ ಕೆಡಿಸಿದ್ದಳು, ಇನ್ನೊಂದು ಮಾತನ್ನು ಆಡದೆ ಕೆಡಿಸಿದ್ದಳು.

ಆ ಬೇಸಿಗೆಯೆಲ್ಲ ಕೆರೆಯ ದಂಡೆಯಲ್ಲಿ ಅವಳ ತಲೆಯಲ್ಲಿ ಅದೇ ತಿರುಗಿತು. ಓರಿನ್ನಿಗೂ ಡೆಲ್‌ಗೂ ಯಾವ ಹೋಲಿಕೆ? ಓರಿನ್ ಹೆಂಡತಿಯ ಮಾತನ್ನು ಪೂರ್ತಿ ಕೇಳಿಸಿಕೊಂಡ ಒಂದು ದಿನವೂ ಅವಳಿಗೆ ನೆನಪಿಗೆ ಬರಲಿಲ್ಲ. ನವೆಂಬರಿಗೆ ಅವನು ಬಂದ ಕೂಡಲೇ ಕ್ಷಮಿಸು ಎನ್ನಬೇಕು ಎಂದುಕೊಂಡಳು. ಕಾಗದ ಬರೆಯೋಣವೆಂದರೆ ವಿಳಾಸ ಗೊತ್ತಿರಲಿಲ್ಲ. ವಿಳಾಸ ಹೋಗಲಿ, ಅವನ ಪೂರ್ತಿ ಹೆಸರೇ ಗೊತ್ತಿರಲಿಲ್ಲ. ನೆಬ್ರಾಸ್ಕದಲ್ಲಿ ಡೆಲ್ ಎಂಬ ಹೆಸರಿನವರು ಎಷ್ಟು ಜನವಿದ್ದಾರೋ!

ನವೆಂಬರಿನಲ್ಲಿ ಎಲ್ಲರಿಗಿಂತ ಮೊದಲೇ ಬಂದಳು. ಪಕ್ಕದ ಜಾಗಕ್ಕೆ ಸುತ್ತ ಕಲ್ಲು ಜೋಡಿಸಿ ನಡುವೆ ಒಂದು ಕುರ್ಚಿ ಇಟ್ಟಳು. ಸರ್ಕಾರದ ಬಯಲು, ಹಾಗೆ ಜಾಗ ಹಿಡಿಯುವಂತಿಲ್ಲ. ಬಂದವರು ಕೇಳಿದರೆ, "ಜನ ಇದಾರೆ, ಬರ್ತಾರೆ," ಎನ್ನುತ್ತಿದ್ದಳು. ದಿನವೂ ಸಂಜೆ ರೇಡಿಯೋ ಹಾಕಿಕೊಂಡು ಕೂರುತ್ತಿದ್ದಳು. ಯಾರ್‍ಯಾರೋ ಯಾರ್‍ಯಾರಿಗೋ ಹಾದಿ ಹೇಳುತ್ತಿದ್ದರು. ನವೆಂಬರ್ ಕಳೆಯಿತು, ಕ್ರಿಸ್‌ಮಸ್ ಕಳೆಯಿತು. ಬರ್ನಡೀನ್ ಮೊದಮೊದಲು, "ಮುಂದಿನ ಮುದುಕಿ ಹತ್ರಾನೇ ಹೋದ ಅಂತ ಕಾಣತ್ತೆ," ಎಂದು ಕೆಣಕಿದಳು. ಆಮೇಲೆ ಕೆಣಕುವುದನ್ನು ಬಿಟ್ಟು ಸುಮ್ಮನೆ ಕಡುಬು ತಂದುಕೊಡತೊಡಗಿದಳು. ಬರ್ನಡೀನ್ ಬಾಯಿ ಮುಚ್ಚಿದ್ದಾಳೆಂದರೆ ಗತಿ ನೆಟ್ಟಗಿಲ್ಲ ಎಂದು ವರ್ನಾಳಿಗೆ ಹೆದರಿಕೆಯಾಯಿತು.

ಜನವರಿಯ ಒಂದು ಮಧ್ಯಾಹ್ನ ಅವಳು ಬಟ್ಟೆ ಒಣಹಾಕುತ್ತಿದ್ದಾಗ ಗುಡ್ಡದ ಕಡೆಯಿಂದ ಧೂಳೆದ್ದಿತು. ಧೂಳಿನೊಳಗಿಂದ ಕಂದು ಪಟ್ಟೆಯ ಉದ್ದ ಗಾಡಿ. ಹಿಂದಿನ ಏಣಿಯ ಕೆಳಗಿನ ಮೆಟ್ಟಿಲು ಸೊಟ್ಟಗಿತ್ತು. ಮೂರನೆಯ ವರ್ಷ ಅವಳೇ ತಪ್ಪು ಕೈ ಬೀಸಿ ಬಂಡೆಗೆ ತಾಗಿಸಿದ್ದು. ಕೈಯಲ್ಲಿದ್ದ ಬಟ್ಟೆ ಮರಳಿಗೆ ಬಿತ್ತು. ರೇಡಿಯೋದಲ್ಲಿ ಕೂಗಲಿಲ್ಲವಲ್ಲ, ಇನ್ನೂ ಕೋಪ ಇಳಿದಿಲ್ಲವೇನೋ ಎಂದುಕೊಂಡಳು. ಕೋಪವಾದರೇನು, ಬಂದನಲ್ಲ.

ಎಪ್ಪತ್ತೊಂದು ವರ್ಷದ ಹೆಂಗಸು ಹುಡುಗಿಯ ಹಾಗೆ ಓಡಿದಳು. ಕುರ್ಚಿ ಎತ್ತಿ ಆಚೆ ಎಸೆದಳು, ಕಲ್ಲುಗಳನ್ನು ಕಾಲಿನಿಂದ ಒದ್ದಳು, ಎರಡೂ ಕೈ ಮೇಲೆತ್ತಿ ಬೀಸಿದಳು. ಮುಂಗಾಜಿನ ಮೇಲೆ ಬಿಸಿಲು ಹೊಡೆಯುತ್ತಿತ್ತು, ಒಳಗಿನವರು ಕಾಣಲಿಲ್ಲ. ಗಾಡಿ ಅನುಮಾನಿಸುತ್ತ ತಿರುಗಿತು. ಅವಳು ಹಿಂದಕ್ಕೆ ಹೋಗಿ ನಿಂತು, ಬಾ, ಬಾ, ಎಡಕ್ಕೆ, ಸಾಕು, ಎಂದು ಕೈಸನ್ನೆ ಮಾಡುತ್ತ ಬಾಯಿ ತುಂಬ ಬೈಯುತ್ತಿದ್ದಳು.

"ಎಲ್ ಹಾಳಾಗಿ ಹೋಗಿದ್ಯೋ ಇಷ್ಟು ದಿನ? ಸಾರು ಮಾಡಿ ಮಾಡಿ ಚೆಲ್ಲಿದೀನಿ. ಜನ ಜಾಗ ಕೇಳಿದ್ರೆ ಏನಂತ ಹೇಳ್ಲಿ? ಒಂದು ಮಾತಂದೆ ಅಂತ ಇಷ್ಟು ಸಿಟ್ಟಾ? ನಂದೇ ತಪ್ಪು. ಆಯ್ತಾ? ನಂದೇ ತಪ್ಪು ಅಂದೆ, ಇಳಿ ಕೆಳಗೆ."

ಇಂಜಿನ್ ನಿಂತಿತು. ಬಾಗಿಲು ತೆರೆಯಿತು. ಐವತ್ತೈದರ ಆಸುಪಾಸಿನ, ಗುಂಡುಮುಖದ ಹೆಂಗಸೊಬ್ಬಳು ನಗುತ್ತ ಇಳಿದಳು.

"ಎಂಥ ಸ್ವಾಗತ ಮಾಡಿದ್ರಿ! ನಾವು ಹೊಸಬರು, ಎಲ್ಲಿ ನಿಲ್ಲಿಸೋದು ಅಂತಾನೇ ಗೊತ್ತಿರ್ಲಿಲ್ಲ. ನೀವು ಇಲ್ಲಿ ನೋಡ್ಕೊಳ್ಳೋರಾ? ನಾನು ಕಾರ್ಲಾ. ಇವರು ವೇಡ್."

ಹಿಂದೆಯೇ ಎತ್ತರದ ಗಂಡಸೊಬ್ಬ ಇಳಿದ. ವರ್ನಾ ಅವನ ಹಿಂದೆ ನೋಡಿದಳು. ಮೂರನೆಯವರು ಯಾರೂ ಇಳಿಯಲಿಲ್ಲ.

"ಈ ಗಾಡಿ," ಎಂದಳು.

"ಚೆನ್ನಾಗಿದೆ ಅಲ್ವಾ?" ಎಂದ ವೇಡ್. "ಸೆಪ್ಟೆಂಬರಲ್ಲಿ ತಗೊಂಡ್ವಿ, ನೆಬ್ರಾಸ್ಕದ ಒಮಾಹಾದಲ್ಲಿ. ಇದರ ಯಜಮಾನ ತೀರಿಕೊಂಡ್ರಂತೆ, ಜುಲೈನಲ್ಲಿ. ಹೃದಯ. ಮಗಳು ಮಾರಿದ್ಲು."

ಬಯಲಿನಲ್ಲಿ ಎಲ್ಲವೂ ಇದ್ದ ಹಾಗೇ ಇತ್ತು. ಬರ್ನಡೀನಳ ಗಾಡಿಯ ಕಿಟಕಿಯ ಪರದೆ ಸ್ವಲ್ಪ ಸರಿಯಿತು. ವರ್ನಾ ಕೇಳಿದ್ದು ಇಷ್ಟೇ:

"ಅವರ ಪೂರ್ತಿ ಹೆಸರೇನು?"

"ಕುಚೆರಾ. ಡೆಲ್ಬರ್ಟ್ ಕುಚೆರಾ. ಯಾಕೆ, ನಿಮಗೆ ಗೊತ್ತಿದ್ರಾ?"

ಏನೆಂದು ಹೇಳುವುದು? ಹೆಂಡತಿಯಲ್ಲ, ನೆಂಟಳಲ್ಲ. ಮಣ್ಣು ಮಾಡುವಾಗ ಒಂದು ಹಿಡಿ ಮಣ್ಣು ಹಾಕು ಎಂದು ಕರೆಯುವವರು ಯಾರೂ ಇರಲಿಲ್ಲ. ಜುಲೈನಲ್ಲಿ ಇವಳು ಕೆರೆಯ ದಂಡೆಯಲ್ಲಿ ಕೂತು ನವೆಂಬರಿಗೆ ಆಡಬೇಕಾದ ಮಾತನ್ನು ಜೋಡಿಸುತ್ತಿದ್ದಳು. ಅಷ್ಟು ಹೊತ್ತಿಗೆ ಕೇಳುವವನು ಇರಲಿಲ್ಲ.

"ಪಕ್ಕದವರು," ಎಂದಳು. "ಇಲ್ಲೇ ನಿಲ್ಲಿಸ್ತಿದ್ರು."

ಕಾರ್ಲಾಳ ಮುಖ ಸಣ್ಣದಾಯಿತು. ಪಾಪ, ಒಳ್ಳೆಯ ಹೆಂಗಸು. ವೇಡ್ ಕೂಡ ಒಳ್ಳೆಯವನೇ, ಆದರೆ ಮೌನ ಸಹಿಸಲಾರದ ಜಾತಿ. ಏನಾದರೂ ಹೇಳಬೇಕಲ್ಲ ಎಂದು ಹೇಳಿದ:

"ಕೊನೇಲಿ ಪಾಪ ಅವರಿಗೆ ತಲೆ ಕೆಟ್ಟಿತ್ತಂತೆ. ಮಗಳೇ ಹೇಳಿದ್ಲು. ಆರಡಿ ಮೂರಂಗುಲದ ಮನುಷ್ಯ, ಸಾಯೋವರೆಗೂ ಅಂಗಳದಲ್ಲಿ ಕೂತು ಡ್ರೈವರ್ ಸೀಟು ಎತ್ತರಿಸಿದಾರೆ, ಮುಂದಕ್ಕೆ ತಂದಿದಾರೆ, ಪೆಡಲಿಗೆಲ್ಲ ಮರದ ತುಂಡು ಬೋಲ್ಟ್ ಹಾಕಿ ಬಿಗಿದಿದಾರೆ. ತಾನೇ ಕೂರೋಕಾಗಲ್ಲ ಅದರಲ್ಲಿ! ಕೆಲಸ ಮಾತ್ರ ಎಷ್ಟು ಗಟ್ಟಿ ಅಂತೀರಿ, ಕಳಚೋಕೆ ನಂಗೆ ಎರಡು ದಿನ ಹಿಡೀತು. ಪಕ್ಕದ ಸೀಟನ್ನ ನೋಡಿದ್ರೆ ಅಷ್ಟೂ ಹಿಂದಕ್ಕೆ ಸರಿಸಿದ್ರು, ಯಾರೋ ಉದ್ದ ಕಾಲಿನವರು ಕೂರೋ ಹಾಗೆ."

ವರ್ನಾ ಗಾಡಿಯ ಮೈಗೆ ಒಂದು ಕೈ ಕೊಟ್ಟು ನಿಂತಳು. ಬಿಸಿಲಿಗೆ ತಗಡು ಸುಡುತ್ತಿತ್ತು, ಕೈ ತೆಗೆಯಲಿಲ್ಲ.

"ಆ ಮರದ ತುಂಡು?"

"ಎಸೆದುಬಿಟ್ಟೆ. ಯಾಕೆ?"

"ಒಂದ್ಸಲ ಒಳಗೆ ಕೂರ್ಲಾ?"

ಕಾರ್ಲಾ ತೋಳು ಹಿಡಿದು ಹತ್ತಿಸಿದಳು. ಒಳಗೆ ಪರದೆ ಬೇರೆ, ಹಾಸು ಬೇರೆ, ವಾಸನೆ ಬೇರೆ. ವರ್ನಾ ಯಾವುದನ್ನೂ ನೋಡದೆ ನೇರ ಮುಂದಕ್ಕೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು. ವೇಡ್ ಅದನ್ನು ತನ್ನ ಅಳತೆಗೆ ಇಳಿಸಿಕೊಂಡಿದ್ದ. ಸ್ಟಿಯರಿಂಗ್ ಅವಳ ಮೂಗಿನ ನೇರಕ್ಕೆ ಬಂತು. ಕಾಲು ಚಾಚಿದಳು. ಪೆಡಲಿಗೂ ಅವಳ ಬೂಟಿಗೂ ನಡುವೆ ಒಂದು ಗೇಣು ಬಯಲು ಉಳಿಯಿತು.

ಕಾರ್ಲಾ ಆ ಕಾಲುಗಳನ್ನು ನೋಡಿದಳು. ಪೆಡಲನ್ನು ನೋಡಿದಳು. ಆಮೇಲೆ, "ವೇಡ್," ಎಂದಳು ಮೆಲ್ಲಗೆ, "ನೀವು ಸ್ವಲ್ಪ ಹೊರಗಿರಿ."

"ಅವನಿಗೆ ತಲೆ ಸರಿಯಾಗೇ ಇತ್ತು," ಎಂದಳು ವರ್ನಾ. "ಆ ಮಗಳಿಗೆ ಹೇಳ್ಬೇಕು ಯಾರಾದ್ರೂ. ನಮ್ಮಪ್ಪನಿಗೆ ಹುಚ್ಚು ಹಿಡಿದಿತ್ತು ಅಂತ ಅಂದ್ಕೊಂಡು ಆ ಹುಡುಗಿ ಬದುಕಬಾರದು."

"ನಾನು ಹೇಳ್ತೀನಿ," ಎಂದಳು ಕಾರ್ಲಾ. "ಏನಂತ ಹೇಳ್ಲಿ?"

ವರ್ನಾ ಉತ್ತರಿಸಲು ಬಾಯಿ ತೆರೆದಳು, ಆದರೆ ಬಂದದ್ದು ಅಳು. ಓರಿನ್ ಸತ್ತಾಗ ಅಳದವಳು, ಊರು ಬಿಡುವಾಗ ಅಳದವಳು, ಸ್ಟಿಯರಿಂಗಿಗೆ ಹಣೆಯಿಟ್ಟು ಗಟ್ಟಿಯಾಗಿ ಅತ್ತಳು. ಕಾರ್ಲಾ ಸಮಾಧಾನ ಹೇಳುವ ಗೊಡವೆಗೆ ಹೋಗದೆ ಪಕ್ಕದ ಸೀಟಿನಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. ಹೊರಗೆ ಬರ್ನಡೀನ್ ತನ್ನ ಗಾಡಿಯಿಂದ ಇಳಿದು ಇತ್ತಲೇ ಬರುತ್ತಿದ್ದಳು.

"ಪಕ್ಕದ ಸೀಟಲ್ಲಿ ಕೂರಲ್ಲ ಅಂತ ಅವತ್ತು ಹಟ ಮಾಡಿದೆ," ಎಂದಳು ವರ್ನಾ, ತಲೆಯೆತ್ತದೆ. "ಪಕ್ಕದ ಸೀಟೇ ಸಾಕಿತ್ತು ಕಣಮ್ಮಾ. ಅವನೊಬ್ಬ ಇದ್ದಿದ್ರೆ ಪಕ್ಕದ ಸೀಟೇ ಸಾಕಿತ್ತು."