ಇವಾಮೆಯ ಉಪ್ಪಿನ ಹೊಗೆ

ಇವಾಮೆಯ ಬಗ್ಗೆ ಹೇಳಲೇಬೇಕು. ಸೋತ ಯುದ್ಧದ ಮರುವರ್ಷದ ಮಾತು ಬಂದಾಗಲೆಲ್ಲ ಜನ ರಾಜರ ಸುದ್ದಿ ಹೇಳುತ್ತಾರೆ. ತ್ಸುಕುಶಿಯಲ್ಲಿ ಎದ್ದ ಮಣ್ಣಿನ ಕೋಟೆಗೋಡೆಯ ಸುದ್ದಿ ಹೇಳುತ್ತಾರೆ. ಅದೇ ವರ್ಷ ತ್ಸುಶಿಮಾ ದ್ವೀಪದ ನಮ್ಮ ಕೊಲ್ಲಿಯಲ್ಲಿ ಎರಡು ದೋಣಿಯ ಜನ ಬಂಡೆಗೆ ಬಡಿದು ಸಾಯದೆ ಉಳಿದರು. ಉಳಿಸಿದವಳು ಉಪ್ಪು ಕಾಯಿಸುವ ಒಬ್ಬ ಹೆಂಗಸು. ಅವಳ ಹೆಸರನ್ನು ಯಾರೂ ಎತ್ತುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ನಾನು ಮೂಡಲ ನಾಡಿನವನು. ಕಾವಲಿಗೆಂದು ಬಂದು ಇಲ್ಲೇ ಉಳಿದವನು. ಹಿಂದಿನ ವರ್ಷ ಸಮುದ್ರದಾಚೆಯ ಕುದಾರಾ ರಾಜ್ಯವನ್ನು ಉಳಿಸಲು ನಮ್ಮ ಹಡಗುಗಳು ಹೋಗಿದ್ದವು. ಚೀನೀಯರು ನದಿಯ ಬಾಯಿಯಲ್ಲಿ ಅವನ್ನು ಸುಟ್ಟರು. ಇನ್ನು ಅವರು ನಮ್ಮ ಮೇಲೇ ಬರುತ್ತಾರೆಂದು ಎಲ್ಲರಿಗೂ ಭಯ. ನಮ್ಮನ್ನು ಗುಡ್ಡದ ಮೇಲೆ ಕೂರಿಸಿದರು. ಹಗೆಯ ಹಡಗು ಕಂಡರೆ ಹೊಗೆ ಎಬ್ಬಿಸಬೇಕು. ಅದನ್ನು ನೋಡಿ ಮುಂದಿನ ಗುಡ್ಡದವರು ಎಬ್ಬಿಸುತ್ತಾರೆ, ಅವರನ್ನು ನೋಡಿ ಇಕಿ ದ್ವೀಪದವರು, ಹಾಗೇ ದೊಡ್ಡ ಅಧಿಕಾರಿಗಳಿರುವ ತ್ಸುಕುಶಿಯವರೆಗೆ. ಒಮ್ಮೆ ಎದ್ದ ಹೊಗೆಯನ್ನು ಹಿಂದಕ್ಕೆ ಕರೆಯಲು ಆಗುವುದಿಲ್ಲ.

ಅದರಿಂದ ಕಡಲತಡಿಯ ಉಪ್ಪಿನ ಒಲೆಗಳನ್ನೆಲ್ಲ ಆರಿಸಿದರು. ಸುಳ್ಳು ಹೊಗೆ ಎಬ್ಬಿಸಿದವರ ತಲೆ ಹೋಗುತ್ತದೆ ಎಂದು ನಮ್ಮ ನಾಯಕ ಓಶಿಮಾರೊ ಮನೆಮನೆಗೆ ಹೋಗಿ ಕೂಗಿ ಬಂದ.

ಇವಾಮೆಗೆ ಆ ಒಲೆಯೇ ಬದುಕು. ಅವಳು ಕಡಲಪಾಚಿಯನ್ನು ಒಣಗಿಸಿ, ಸುಟ್ಟು, ಆ ಬೂದಿಯನ್ನು ಉಪ್ಪುನೀರಿಗೆ ಹಾಕಿ ಕಾಯಿಸುತ್ತಿದ್ದಳು. ಇನ್ನೊಂದು ಮಾತೂ ಇತ್ತು. ಮಂಜಿನಲ್ಲಿ ದೋಣಿ ತಡವಾದರೆ ಇಲ್ಲಿಯ ಹೆಂಗಸರು ದಡದಲ್ಲಿ ಪಾಚಿ ಸುಡುತ್ತಾರೆ. ಆ ವಾಸನೆ ನೀರಿನ ಮೇಲೆ ದೂರ ಹೋಗುತ್ತದೆ. ಗಂಡಸರು ಮೂಗು ಹಿಡಿದ ದಾರಿಯಲ್ಲಿ ಮನೆಗೆ ಬರುತ್ತಾರೆ. ಇವಾಮೆಯ ಗಂಡ ತೊರಿ ಆ ಹಡಗುಗಳ ಜೊತೆ ಚುಕ್ಕಾಣಿ ಹಿಡಿಯಲು ಹೋಗಿದ್ದ. ಬಂದಿರಲಿಲ್ಲ. ಅವನು ಮಂಜಿನ ದಿನವೇ ಬಂದುಬಿಟ್ಟರೆ ಏನು ಮಾಡುವುದು ಎಂಬುದೊಂದೇ ಅವಳ ಚಿಂತೆ.

ಬೇಸಿಗೆಯ ಮೊದಲಲ್ಲಿ ಒಂದು ಬೆಳಿಗ್ಗೆ ಸಮುದ್ರದ ಮೇಲೆ ಮಂಜು ಹಾಸಿಕೊಂಡಿತು. ಗುಡ್ಡದ ತಲೆಗಳು ಮಾತ್ರ ಬಿಸಿಲಲ್ಲಿದ್ದವು. ಕೆಳಗೆ ಮಂಜಿನೊಳಗೆ ಹುಟ್ಟು ಹಾಕುವ ಸದ್ದು ಕೇಳಿಸಿತು. ಕಣ್ಣಿಗೆ ಏನೂ ಕಾಣದು. ಓಶಿಮಾರೊ ನನ್ನನ್ನು ಕರೆದುಕೊಂಡು ದಡಕ್ಕೆ ಇಳಿದ.

ಇವಾಮೆ ಆಗಲೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು.

"ಏನೇ ಮಾಡ್ತಿದೀಯಾ?" ಎಂದ ಓಶಿಮಾರೊ.

"ಕಾಣಲ್ವಾ? ಒಲೆ ಹಚ್ತಿದೀನಿ."

"ಆಜ್ಞೆ ಗೊತ್ತಿಲ್ವಾ ನಿಂಗೆ?"

"ಬಾಗ್ಲಿಗೆ ಬಂದು ಹಂಗೆ ಕೂಗಿದ್ರಲ್ಲ, ನಮ್ಮ ಕೋಳಿಗಳಿಗೂ ಗೊತ್ತು. ಒಂದ್ ನಿಮಿಷ ಸುಮ್ನಿದ್ದು ಕೇಳಿ ನಾಯಕ್ರೆ. ಅವ್ರು ಹಲ್ಲುಬಂಡೆ ಕಡೆ ಹೋಗ್ತಿದಾರೆ."

ನಮ್ಮ ಕೊಲ್ಲಿಯ ಬಾಯಲ್ಲಿ ಹಲ್ಲುಬಂಡೆ ಇದೆ. ನೀರಿನ ಅಡಿಯಲ್ಲಿ ಸಾಲಾಗಿ ನಿಂತ ಕಲ್ಲುಗಳು. ಒಳಗೆ ಬರುವ ದಾರಿ ಇರುವುದು ಅದರ ಪಕ್ಕದಲ್ಲಿ, ಒಂದೇ ದೋಣಿ ಹೋಗುವಷ್ಟು.

ನಾನು ಕೈಗಳನ್ನು ಬಾಯಿಗೆ ಕೂಡಿಸಿ ಕೂಗಲು ಹೋದೆ. ಅವಳು ನನ್ನ ಮೊಣಕೈಗೆ ಹೊಡೆದಳು.

"ಬಾಯಿ ಮುಚ್ಚೋ ಮೂಡಲವ್ನೇ! ನಿನ್ನ ಕೂಗನ್ನ ಆ ಬಂಡೆ ತಿರುಗಿಸಿ ಎಸೀತದೆ. ನೀನು ಅಲ್ಲಿದೀಯಾ ಅಂತ ಅಲ್ಲಿಗೇ ಬಂದು ಬಡ್ಕೋತಾರೆ."

"ಯಾರು ಅಂತ ಗೊತ್ತೇನೇ ನಿಂಗೆ? ಚೀನೀಯರಾದ್ರೆ?" ಎಂದ ಓಶಿಮಾರೊ.

ಆಗ ಮಂಜಿನೊಳಗೆ ಒಂದು ಕೂಸು ಅತ್ತಿತು. ಯಾರೋ ತಕ್ಷಣ ಅದರ ಬಾಯಿ ಮುಚ್ಚಿದರು.

"ಕಂಕುಳಲ್ಲಿ ಕೂಸು ಇಟ್ಕೊಂಡು ಯಾರು ದಂಡೆತ್ತಿ ಬರ್ತಾರೆ?" ಎಂದಳು ಇವಾಮೆ.

"ನಮ್ಮನ್ನ ಮೋಸ ಮಾಡೋಕೆ ಅಳಿಸ್ತಿರಬಹುದು."

"ಹಾಗಾದ್ರೆ ನೀವೂ ಸ್ವಲ್ಪ ಅತ್ತುಬಿಡಿ. ಅವ್ರಿಗೂ ಮೋಸ ಆಗ್ಲಿ."

ಓಶಿಮಾರೊ ನಗಲಿಲ್ಲ. ದಡದ ಹಿಂದೆ ಕಡಿದಾದ ದಿಬ್ಬ, ಅದರ ನೆತ್ತಿಯಲ್ಲಿ ಒಂಟಿ ಪೈನ್ ಮರ. ಮುಂದಿನ ಗುಡ್ಡದವರಿಗೆ ಕಾಣುವುದು ಆ ಮರದಿಂದ ಮೇಲೆ. ಇವಾಮೆ ಅದನ್ನು ತೋರಿಸಿದಳು.

"ಹೊಗೇನ ಮಂಜಿನ ಕೆಳಗೇ ಇಡ್ತೀನಿ. ಆ ಮರ ದಾಟಿದ್ರೆ ನನ್ನ ತಲೆ ನಿಮ್ದು."

"ದಾಟಿದ್ರೆ ಬಿಡಲ್ಲ ನಾನು." ಅವನು ಕತ್ತಿ ಹಿರಿದ.

"ಬಿಡಿ ಅಂತ ಕೇಳ್ದೋರು ಯಾರು? ಏ ಮೂಡಲವ್ನೇ, ನಿಂತ್ಕೊಂಡು ಏನ್ ನೋಡ್ತೀಯಾ, ನೀರು ತಾ!"

ಒಣಪಾಚಿಗೆ ಬೆಂಕಿ ಹಿಡಿಯಿತು. ಅವಳು ಅದರ ಮೇಲೆ ಹಸಿಪಾಚಿ ಎಸೆದಳು. ನಾನು ತಂದ ನೀರನ್ನು ಚಿಮುಕಿಸಿದಳು. ಹೊಗೆ ಬಿಳಿಯಾಗಿ, ಭಾರವಾಗಿ ಹೊರಬಂತು. ಮೇಲೇಳದೆ ಮರಳಿನ ಮೇಲೆ ಉರುಳಿ, ನೀರಿಗೆ ಇಳಿದು, ಮಂಜಿನ ಅಡಿಗೆ ನುಗ್ಗಿತು. ಬೆಂಕಿ ಜೋರಾದರೆ ಹೊಗೆ ಏಳುತ್ತದೆ, ಸಣ್ಣಗಾದರೆ ವಾಸನೆ ಹೋಗುವುದಿಲ್ಲ. ಅವಳು ಕಣ್ಣು ಮಿಟುಕಿಸದೆ ಒಲೆಯನ್ನೇ ನೋಡುತ್ತಿದ್ದಳು. ಓಶಿಮಾರೊ ಮರವನ್ನೇ ನೋಡುತ್ತಿದ್ದ.

ಹುಟ್ಟಿನ ಸದ್ದು ಬಂಡೆಯ ಕಡೆಗೇ ಹೋಯಿತು. ದೋಣಿಯ ಅಡಿಗೆ ಕಲ್ಲು ಉಜ್ಜಿದ ಸದ್ದೂ ಕೇಳಿಸಿತು. ಆಮೇಲೆ ಹುಟ್ಟು ನಿಂತಿತು. ಯಾವ ಸದ್ದೂ ಇಲ್ಲ.

"ಮೂಸ್ತಿದಾರೆ," ಎಂದಳು ಪಿಸುದನಿಯಲ್ಲಿ. "ಮೂಸಿ ಮಕ್ಕಳಾ, ಚೆನ್ನಾಗಿ ಮೂಸಿ."

ಅಷ್ಟರಲ್ಲಿ ಬಿಸಿಲು ಬಲಿಯಿತು. ಮಂಜು ಸೀಳತೊಡಗಿತು. ಅದರ ಜೊತೆ ಹೊಗೆಯೂ ನೆಲ ಬಿಟ್ಟು ದಿಬ್ಬ ಹತ್ತಿತು, ಪೈನ್ ಮರದ ಬುಡಕ್ಕೆ ಬಂತು.

"ಸಾಕು. ಆರಿಸು."

"ಇನ್ನೂ ಬಂದಿಲ್ಲ."

"ಇವಾಮೆ!"

ಅವನು ಅವಳ ಹಿಂದೆ ಬಂದು ನಿಂತ. ಅವಳು ತಿರುಗಿ ನೋಡಲಿಲ್ಲ. ಕತ್ತು ಬಗ್ಗಿಸಿ ಇನ್ನೊಂದು ಹಿಡಿ ಪಾಚಿ ಹಾಕಿದಳು. ಆಗ ಮಂಜಿನಿಂದ ಒಂದು ದೋಣಿಯ ಮೂತಿ ಹೊರಬಂತು, ಬಂಡೆಯ ಪಕ್ಕದ ದಾರಿಯಲ್ಲೇ. ಹೆಂಗಸರು, ಮುದುಕರು, ಗಂಟುಗಳು. ಮುಂದೆ ನಿಂತವನು ಹಿಂದಕ್ಕೆ ಕೈ ತೋರಿಸಿ ಕೂಗಿದ. "ಇನ್ನೊಂದು ಇದೆ! ಹಿಂದೆ ಇನ್ನೊಂದು ದೋಣಿ ಇದೆ! ಆರಿಸ್ಬೇಡಿ!"

ಹೊಗೆ ಮರದ ಕೊಂಬೆಗಳನ್ನು ಹೊಕ್ಕಿತ್ತು.

ಓಶಿಮಾರೊ ಕತ್ತಿಯನ್ನು ಎತ್ತಿದ್ದನ್ನು ನಾನು ನೋಡಿದೆ. ಅದನ್ನು ಮರಳಿಗೆ ಚುಚ್ಚಿದ್ದನ್ನೂ ನೋಡಿದೆ. ಅವನು ಅಲ್ಲಿ ಬಿದ್ದಿದ್ದ ಹಳೆಯ ಚಾಪೆಯನ್ನು ನೀರಿಗೆ ಅದ್ದಿ ನನ್ನತ್ತ ಒಂದು ತುದಿ ಎಸೆದ.

"ಹಿಡ್ಕೊಳೋ! ಮೇಲೆ ಹಿಡಿ!"

ಇಬ್ಬರೂ ಆ ಹಸಿಚಾಪೆಯನ್ನು ಒಲೆಯ ಮೇಲೆ ಅಗಲಿಸಿ ಹಿಡಿದೆವು. ಹೊಗೆ ಅಡಿಯಿಂದ ಪಕ್ಕಕ್ಕೆ, ನೀರಿನ ಕಡೆಗೆ ನುಗ್ಗಿತು. ಅವನ ಹುಬ್ಬು ಸುಟ್ಟಿತು. ಬೈಯುತ್ತಲೇ ಇದ್ದ, ಚಾಪೆ ಬಿಡಲಿಲ್ಲ. ಎರಡನೆಯ ದೋಣಿಯ ಮೂತಿ ಕಂಡ ಮೇಲೆ ಇವಾಮೆ ತಾನೇ ನೀರು ಸುರಿದು ಒಲೆ ಆರಿಸಿದಳು.

ಒಂದು ಎಳೆ ಹೊಗೆ ಮಾತ್ರ ಮರ ದಾಟಿ ಆಕಾಶಕ್ಕೆ ಹೋಯಿತು. ಎಲ್ಲರೂ ಮುಂದಿನ ಗುಡ್ಡವನ್ನು ನೋಡುತ್ತ ನಿಂತೆವು. ಅಲ್ಲಿ ಹೊಗೆ ಏಳಲಿಲ್ಲ. ಅಲ್ಲಿಯವರು ಅದನ್ನು ಮಂಜಿನ ಬಾಲ ಅಂದುಕೊಂಡರಂತೆ. ಅದು ಆಮೇಲೆ ಗೊತ್ತಾಯಿತು.

ಬಂದವರು ಕುದಾರಾದವರು, ಊರು ಮನೆ ಬಿಟ್ಟು ಓಡಿಬಂದವರು. ಕೂಗಿದವನು ನಮ್ಮ ಕೊಲ್ಲಿಯವನೇ, ಶಿಬಿ. ತೊರಿಯ ಜೊತೆ ಯುದ್ಧಕ್ಕೆ ಹೋಗಿದ್ದವನು. ಅವನು ನೇರ ಇವಾಮೆಯ ಹತ್ತಿರ ಬಂದ.

"ಬಂಡೆಗೇ ಹೊರಟಿದ್ವಿ ಅಕ್ಕ. ನಿನ್ನ ಹೊಗೆ ಮೂಗಿಗೆ ಬಡೀತು."

"ತೊರಿ?"

"ಅವ್ನ ಹಡಗಿಗೆ ಬೆಂಕಿ ಬಿತ್ತು. ನೀರಿಗೆ ಹಾರಿದ್ದು ನೋಡ್ದೆ. ಆಮೇಲೆ ನೋಡಿಲ್ಲ."

"ನೋಡಿಲ್ಲ ಅಂದ್ರೆ ಸತ್ತ ಅಂತಲ್ಲ."

"ಅಲ್ಲ ಅಕ್ಕ."

ಅವಳು ಅಳುತ್ತಿದ್ದ ಕೂಸನ್ನು ತಾಯಿಯ ಕೈಯಿಂದ ತೆಗೆದುಕೊಂಡು ಬಿಸಿ ಕಲ್ಲುಗಳ ಹತ್ತಿರ ಕೂತಳು.

ಮರುದಿನ ಓಶಿಮಾರೊ ಎಲ್ಲರ ಮುಂದೆ ಅವಳ ಉಪ್ಪಿನ ಮಡಕೆ ಒಡೆದ. ಆಜ್ಞೆ ಆಜ್ಞೆಯೇ. ತಲೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಸಣ್ಣ ಚೂರು ಮಾಡ್ಬೇಡಿ," ಎಂದಳು ಇವಾಮೆ, "ಕೋಳಿಗೆ ನೀರಿಡೋಕೆ ಬೇಕು." ಆ ಕೂಸಿನ ಅಪ್ಪ ಕುಂಬಾರ. ಅವನು ಅವಳಿಗೆ ತನ್ನ ದೇಶದ ರೀತಿಯ ಗಟ್ಟಿ ಮಡಕೆ ಮಾಡಿಕೊಟ್ಟ. ಓಶಿಮಾರೊ ತಾನೇ ತ್ಸುಕುಶಿಗೆ ಹೋಗಿ ಅಧಿಕಾರಿಗಳನ್ನು ಬೇಡಿಕೊಂಡು ಬಂದ. ಅಂದಿನಿಂದ ಮಂಜಿನ ದಿನ, ಚಾಪೆಯ ಅಡಿಯಲ್ಲಿ, ಅವಳು ಒಲೆ ಹಚ್ಚಬಹುದು. ಸುಟ್ಟ ಅಂಚಿನ ಆ ಚಾಪೆ ಈಗಲೂ ಅವಳ ಗೋಡೆಯ ಮೇಲಿದೆ.

ತೊರಿ ಇನ್ನೂ ಬಂದಿಲ್ಲ. ಮಂಜು ಬಿದ್ದಾಗಲೆಲ್ಲ ಅವಳು ಹೊಗೆ ಹಾಕುತ್ತಾಳೆ.

ನೀವು ಯಾವಾಗಲಾದರೂ ತ್ಸುಶಿಮಾ ದಾಟಿ ಹೋಗುವುದಿದ್ದರೆ ನಮ್ಮ ಕೊಲ್ಲಿಯಲ್ಲಿ ಇಳಿಯಿರಿ, ಅವಳನ್ನು ಕಂಡು ಹೋಗಿ. ಬರುವಾಗ ಒಂದು ಹೊರೆ ಒಣಪಾಚಿ ತನ್ನಿ, ಬರಿಗೈಲಿ ಬಂದರೆ ಬೈಯುತ್ತಾಳೆ. ಸಮುದ್ರದಾಚೆ ಎಲ್ಲಾದರೂ ತೊರಿ ಎಂಬ ಚುಕ್ಕಾಣಿಗನ ಸುದ್ದಿ ಕೇಳಿದ್ದರೆ ದಾರಿಯಲ್ಲಿ ಯಾರಿಗೂ ಹೇಳಬೇಡಿ. ಮೊದಲು ಅವಳಿಗೆ ಹೇಳಿ.