ಭಾಲ್ಕಿ ಮೈದಾನದ ಎರಡನೆಯ ದಿನ

ಬೀದರದ ಚಿದ್ರಿಯ ಬಯಲಿನಲ್ಲಿ ಈಗಿನ ಹುಡುಗರು ಹತ್ತು ಓವರಿನ ಮ್ಯಾಚು ಆಡುತ್ತಾರೆ. ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ. ದಿನಗಟ್ಟಲೆ ಆಡುವ ಕ್ರಿಕೆಟ್ ಇನ್ನು ಉಳಿಯುವುದಿಲ್ಲ ಎಂದು ನನಗೇ ಹೇಳುತ್ತಾರೆ. ಈ ಮಾತು ಹೊಸದಲ್ಲ. ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲೇ ನಾನಿದನ್ನು ಭಾಲ್ಕಿಯಲ್ಲಿ ಕೇಳಿದ್ದೆ.

ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಕೆಂಪುಕಲ್ಲಿನ ಗಣಿಗೆ ಹೋದವನು. ವಾರವೆಲ್ಲ ಕಲ್ಲು ಕಡಿದ ತೋಳಿಗೆ ಬ್ಯಾಟು ಹಗುರ ಅನ್ನಿಸುತ್ತಿತ್ತು. ಬೀದರಕ್ಕೂ ಭಾಲ್ಕಿಗೂ ವರ್ಷಕ್ಕೊಮ್ಮೆ ಎರಡು ದಿನದ ಮ್ಯಾಚು. ಯಾವ ಕಡೆಗೂ ಸೇರದವರು ಇರಲಿ ಎಂದು ಅಂಪೈರನ್ನು ಔರಾದಿನಿಂದ ಕರೆಸುತ್ತಿದ್ದೆವು. ಮೊದಲ ದಿನ ಔಟಾಗದೆ ಉಳಿದ ಬ್ಯಾಟ್ಸ್‌ಮನ್ನು ಅಂದು ಎದುರಾಳಿ ಬೌಲರನ ಮನೆಯಲ್ಲೇ ಉಣ್ಣಬೇಕು. ಅದು ನಮ್ಮ ಪದ್ಧತಿ.

ಆ ವರ್ಷ ಭಾಲ್ಕಿಯ ಕಚೇರಿಗೆ ಮೈಸೂರು ಕಡೆಯಿಂದ ಹೊಸ ಸಾಹೇಬರೊಬ್ಬರು ಬಂದಿದ್ದರು. ಮೈದಾನಕ್ಕೆ ಅವರ ಅಪ್ಪಣೆ ಬೇಕು.

"ಎರಡು ದಿನ ಆಡ್ತಾ ಕೂತ್ರೆ ಕೆಲಸ ಯಾರ್ರೀ ಮಾಡ್ತಾರೆ? ಇವತ್ತೇ ಮುಗಿದುಹೋದ್ರೆ ಮುಂದಿನ ವರ್ಷದಿಂದ ಒಂದೇ ದಿನ," ಎಂದು ಮ್ಯಾಚಿನ ಮೊದಲ ದಿನ ಬೆಳಿಗ್ಗೆಯೇ ಹೇಳಿಬಿಟ್ಟರು.

ಮುಗಿದೇ ಹೋಗುವಂತಿತ್ತು. ಚಾಪೆ ಹಾಸಿದ ಪಿಚ್ಚಿನ ಮೇಲೆ ಚೆಂಡು ಮನಸ್ಸಿಗೆ ಬಂದಂತೆ ಪುಟಿದು, ಎರಡೂ ಕಡೆಯವರು ಬೇಗ ಬೇಗ ಔಟಾದರು. ಬಿಸಿಲು ಇಳಿಯುವ ಮೊದಲೇ ನಮ್ಮ ಎರಡನೆಯ ಸರದಿಯ ಕಡೆಯ ಜೋಡಿ ಆಡುತ್ತಿತ್ತು: ನಾನು, ಮತ್ತೆ ಬಗದಲ್‌ನ ಒಬ್ಬ ರೈತ. ಗೆಲ್ಲುವ ಮಾತು ಬಿಡಿ, ಇಬ್ಬರಲ್ಲಿ ಒಬ್ಬರು ಔಟಾದರೂ ಎರಡು ದಿನದ ಆಟವೇ ಹೋಯಿತು.

ಬೌಲ್ ಮಾಡುತ್ತಿದ್ದವರು ಭಾಲ್ಕಿಯ ಬಟ್ಟೆ ಅಂಗಡಿಯ ಭಾಯಿ. ಅವರಿಗೂ ಎರಡು ದಿನದ ಆಟವೇ ಬೇಕು. ಹಾಗಂತ ಒಂದೇ ಒಂದು ಚೆಂಡನ್ನೂ ಸಡಿಲ ಹಾಕಲಿಲ್ಲ. ನಾನು ಬಂದದ್ದನ್ನೆಲ್ಲ ತಡೆದು ಕಾಲ ಬುಡಕ್ಕೇ ಬೀಳಿಸಿದೆ.

"ಏನ್ರೀ ಉಸ್ತಾದ್, ಗ್ವಾಡಿ ಕಟ್ಲಾಕ ಬಂದೀರೇನ್ರಿ?"

"ಹೌದ್ರಿ ಭಾಯಿ, ಕಲ್ಲು ಬೀದರಿಂದೇ ತಂದೀನ್ರಿ. ನೀವು ಹಾಕ್ರಿ!"

ಚೆಂಡು ಕಾಣದಷ್ಟು ಕತ್ತಲಾದಾಗ ಅಂಪೈರು ಬೇಲ್ಸ್ ಎತ್ತಿದರು. ಭಾಯಿಯ ಮನೆಯಲ್ಲಿ ಹೊಟ್ಟೆ ತುಂಬ ಉಂಡೆ.

ಬೆಳಿಗ್ಗೆ ಸಾಹೇಬರ ಕಿವಿಗೆ ಆ ಸುದ್ದಿ ಬಿದ್ದಿತ್ತು. "ಬೌಲರ್ ಮನೇಲೇ ಊಟವಂತೆ? ಒಳಒಪ್ಪಂದ ಏನ್ರೀ ಇದು?"

ನನಗೆ ಸಿಟ್ಟು ಬಂತು. ಭಾಯಿ ನಕ್ಕರು. "ಹೊಟ್ಟಿ ಭಾರ ಆಗಿ ಕಾಲು ಏಳಬಾರದು ಅಂತೇ ಉಣಸೀನ್ರಿ ಸಾಬ್. ಕುಂತು ನೋಡ್ರಿ."

ಸಾಹೇಬರು ಅನುಮಾನದಿಂದಲೇ ಬೇವಿನ ನೆರಳಲ್ಲಿ ಕುಳಿತರು. ಭಾಯಿಯ ಮೊದಲ ಚೆಂಡೇ ನನ್ನ ಪಕ್ಕೆಗೆ ಬಡಿದು ನಾನು ಮುದುಡಿ ಕುಳಿತಾಗ ಅವರ ಅನುಮಾನ ಕಳೆದಿರಬೇಕು. ನಾನು ಎದ್ದು ಮತ್ತೆ ನಿಂತೆ. ರೈತನೂ ನಿಂತ. ಒಂದೊಂದೇ ರನ್ನು ಕೂಡುತ್ತ ಹೋಯಿತು. ಊಟದ ಹೊತ್ತು ಸಮೀಪಿಸಿದರೂ ಸಾಹೇಬರು ಕಚೇರಿಯ ಹೆಸರೆತ್ತಲಿಲ್ಲ. ಗೆಲುವಿಗೆ ಇನ್ನು ಸ್ವಲ್ಪವೇ ಬೇಕು ಎನ್ನುವಾಗ ಭಾಯಿ ನನ್ನ ನಡುವಿನ ಸ್ಟಂಪು ಹಾರಿಸಿದರು.

ಸಾಹೇಬರು ನನ್ನ ಹತ್ತಿರ ನಡೆದು ಬಂದರು. ಮುಖದಲ್ಲಿ ಬೇಸರ.

"ಇನ್ನೂ ಸ್ವಲ್ಪ ಹೊತ್ತು ನಿಲ್ಲಬಾರದಾಗಿತ್ತೇನ್ರೀ? ಎಷ್ಟು ಬೇಗ ಮುಗಿದುಹೋಯ್ತು!"

ಮುಂದಿನ ವರ್ಷ ನಾವು ಕೇಳುವ ಮೊದಲೇ ಎರಡೂ ದಿನಕ್ಕೆ ಅಪ್ಪಣೆ ಸಿಕ್ಕಿತು. ಅದಕ್ಕೂ ಮೊದಲೇ, ಸೋತು ರೈಲು ಹತ್ತಿದ ಆ ಸಂಜೆ, ಪಕ್ಕೆ ನೋಯುತ್ತಿದ್ದರೂ, ಬೀದರ ಬರುವ ತನಕ ನಾನು ಎದೆ ಸೆಟೆಸಿಕೊಂಡೇ ಕುಳಿತಿದ್ದೆ.