ಬಿಸಿಲಿಗೆ ಹಿಡಿದ ತೊಗರಿಕಾಯಿ

ಬೆಳಿಗ್ಗೆ ಏಳಕ್ಕೆಲ್ಲ ಬಳ್ಳಾರಿಯ ಬಸ್ ನಿಲ್ದಾಣದಲ್ಲಿದ್ದೆ. ನಮ್ಮೂರಿನ ಜನವರಿ ಚಳಿ ಹೇಳಿಕೊಳ್ಳುವಂಥದ್ದಲ್ಲ. ಆದರೂ ಜನ ಮಂಕಿ ಟೋಪಿ ಬಿಗಿದುಕೊಂಡು ಹಿಮಾಲಯಕ್ಕೆ ಹೊರಟವರಂತೆ ನಿಂತಿದ್ದರು. ನನಗೆ ಹೋಗಬೇಕಾದದ್ದು ಸಿರುಗುಪ್ಪ ತಾಲ್ಲೂಕಿನ ದೇಶನೂರಿಗೆ. ನಮ್ಮ ಪಕ್ಕದ ಮನೆಯಲ್ಲಿ ಬೆಳೆದ ರೇಣುಕಾಳನ್ನು ಅಲ್ಲಿಗೆ ಕೊಟ್ಟಿದ್ದಾರೆ. ನಾನು ಗೃಹವಿಜ್ಞಾನ ಕಲಿಸಿ ನಿವೃತ್ತಳಾದವಳು. ಅವಳಿಗೆ ಇವತ್ತಿಗೂ ನಾನು 'ಅಕ್ಕೋರು'.

"ಬದುವಿನ ತೊಗರಿ ಕಾಯಿ ಬಿಟ್ಟಾವ, ತಿನ್ನಾಕ ಬರ್ರಿ ಅಕ್ಕೋರೆ" ಎಂದು ಫೋನು ಮಾಡಿದ್ದಳು. ಇಡುವ ಮುಂಚೆ ದನಿ ತಗ್ಗಿಸಿ, "ಗಂಗಿ ಯಾಕೋ ಆಡವಲ್ಲಳು. ಸುಮ್ಮನ ಕುಂತಿರ್ತಾಳ. ನೀವೊಮ್ಮಿ ನೋಡ್ರಿ" ಎಂದಿದ್ದಳು. ಗಂಗಿ ಅವಳ ಮೊದಲ ಮಗು, ಒಂದೂವರೆ ವರ್ಷದ್ದು. ಹೊಟ್ಟೆಯಲ್ಲಿ ಇನ್ನೊಂದು ಇತ್ತು.

ನೇರ ಸಿರುಗುಪ್ಪದ ಬಸ್ಸು ಹತ್ತಬಹುದಿತ್ತು. ಬಾಯಿಚಪಲ ಬಿಡಲಿಲ್ಲ, ಹಸಿಕಡಲೆಗೆಂದು ಕುರುಗೋಡಿನ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿರುವ ಕಾಲ. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟ. ಸೀಟು ಮಾತ್ರ ಸಿಗಲಿಲ್ಲ. ಒಂದು ತಾಸು ಕಂಬ ಹಿಡಿದು ನಿಂತೇ ಹೋದೆ.

ಕುರುಗೋಡಿನಲ್ಲಿ ಬಂಡೆಗುಡ್ಡಗಳ ಮೇಲೆ ಬಿಸಿಲು ಆಗಲೇ ಏರಿತ್ತು. ನಿಲ್ದಾಣದ ಹೊರಗೆ ಒಬ್ಬಾಕೆ ಕಡಲೆಗಿಡಗಳನ್ನು ಬೇರು ಸಮೇತ ಕಟ್ಟು ಕಟ್ಟಿ ಮಾರುತ್ತಿದ್ದಳು. "ತಿಂದು ನೋಡ್ರಿ, ಸಕ್ರಿ ಆಗ್ಯಾವ" ಎಂದಳು. ಇಪ್ಪತ್ತು ರೂಪಾಯಿಗೆ ಒಂದು ಕಟ್ಟು. ಎಳೆಯ ಕಾಳು ನಿಜಕ್ಕೂ ಸಕ್ಕರೆ. ಅದರಲ್ಲಿರುವುದು ಬಹುಪಾಲು ನೀರು, ಆ ನೀರಿನಲ್ಲಿ ಸಿಹಿ, ಒಂದಿಷ್ಟು ಜೀವಸತ್ವ. ಅದೇ ಗಿಡದ ಬಲಿತ ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡರೆ ಸಿಹಿ ಹಿಟ್ಟಾಗಿರುತ್ತದೆ. ಕಾಳು ಬಲಿಯುವುದೆಂದರೆ ಮುಂದೆ ಹುಟ್ಟುವ ಸಸಿಗೆ ಗಂಟು ಕಟ್ಟುವುದು. ಸಕ್ಕರೆ ಪಿಷ್ಟವಾಗುತ್ತದೆ, ಮೈ ಕಟ್ಟುವ ಸಸಾರಜನಕವೆಲ್ಲ ಒಳಗೆ ಬಂದು ಸೇರುತ್ತದೆ, ನೀರು ಹೊರಡುತ್ತದೆ, ಸಿಪ್ಪೆ ಒಗರಾಗಿ ಗಟ್ಟಿಯಾಗುತ್ತದೆ. ಬೋರ್ಡಿನ ಮೇಲೆ ಇದನ್ನು ಎಷ್ಟು ಸಲ ಬರೆದಿದ್ದೇನೋ! ಅರ್ಧ ಕಟ್ಟು ನಾನೇ ಖಾಲಿ ಮಾಡಿ, ಉಳಿದದ್ದನ್ನು ಚೀಲಕ್ಕೆ ತುರುಕಿಕೊಂಡೆ.

ತೆಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಸಿರುಗುಪ್ಪ ತಲುಪಿದಾಗ ಹಸಿವು ಜೋರಾಗಿತ್ತು. ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದು ಶೇರ್ ಆಟೋ ಹತ್ತಿದೆ. ಕಪ್ಪು ಹೊಲ ಮುಗಿದು ಕಾಲುವೆಯ ನೀರು, ಭತ್ತದ ಗದ್ದೆ ಶುರುವಾದವು. ಗದ್ದೆಯ ಬದುಗಳ ಮೇಲೆ ತೊಗರಿ ಆಳೆತ್ತರ ನಿಂತಿತ್ತು. ತೊಗರಿಯ ಸ್ವಭಾವವೇ ಹಾಗೆ, ಒಂದೇ ಗಿಡದಲ್ಲಿ ಹೂವು, ಎಳೆಗಾಯಿ, ತುಂಬಿದ ಕಾಯಿ, ಒಣಗಿದ ಕಾಯಿ ಎಲ್ಲ ಒಟ್ಟಿಗೆ ಇರುತ್ತವೆ.

ರೇಣುಕಾಳ ಮನೆಯ ಮುಂದೆ ಮೊದಲು ಕಂಡದ್ದು ಗೂಟಕ್ಕೆ ಕಟ್ಟಿದ ಟಗರು. ಮೈ ಮಿರಮಿರ ಹೊಳೆಯುತ್ತಿತ್ತು. ಅದರ ಪಕ್ಕ ರೇಣುಕಾಳ ಅತ್ತೆ ಹನುಮವ್ವ ಮೊರದ ತುಂಬ ತೊಗರಿಕಾಯಿ ಇಟ್ಟುಕೊಂಡು ಕೂತಿದ್ದಳು. ಒಂದೊಂದೇ ಕಾಯಿಯನ್ನು ಬಿಸಿಲಿಗೆ ಎತ್ತಿ ಹಿಡಿದು ಕಣ್ಣು ಕಿರಿದು ಮಾಡಿ ನೋಡುವಳು. ಒಳಗೆ ಕಾಳಿನ ನೆರಳು ದಪ್ಪಗೆ ಕಂಡರೆ ಟಗರಿನ ಮುಂದೆ ಎಸೆಯುವಳು. ನೆರಳು ಕಾಣದಷ್ಟು ಎಳೆಯದಾಗಿದ್ದರೆ ಬಟ್ಟಲಿಗೆ.

"ಯಾರಿಗಬೇ ಇಷ್ಟು ಆರಿಸಿ ಆರಿಸಿ?" ಎಂದೆ.

"ಮತ್ಯಾರಿಗ್ರಿ, ನಮ್ಮ ಗಂಗಿಗೆ. ಎಳಿ ಕಾಳು ಕುದಿಸಿ, ಆ ನೀರಿನ ಕಟ್ಟು ಬಸಿದು, ಗಂಜಿಯಾಗ ಕಲಸಿ ಕುಡಿಸ್ತೀನಿ. ಬಲ್ತಿದ್ದು ಕೊಟ್ರ ಹೊಟ್ಟಿ ಉಬ್ಬರಿಸ್ತೈತಿ. ದೀಪಾವಳಿ ಆದಾಗಿಂದ ಒಂದಿನಾ ತಪ್ಪಿಸಿಲ್ಲ. ಹೊತ್ತು ಹುಟ್ಟೂಕಿಂತ ಮುಂಚೆ ಬದುವಿಗೆ ಹೋಗಿ ಹರಕೊಂಡು ಬರ್ತೀನಿ."

ರೇಣುಕಾ ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ದುಂಡು ಮುಖ, ಉಬ್ಬಿದ ಕೆನ್ನೆ. ಕೂದಲು ಮಾತ್ರ ಕೆಂಚಾಗಿ, ವಿರಳವಾಗಿ ನಿಂತಿತ್ತು. ಹೊಸ ಮುಖ ಕಂಡರೂ ಅಳಲಿಲ್ಲ, ಕಡಲೆಗಿಡ ತೋರಿಸಿದರೂ ಕೈ ಚಾಚಲಿಲ್ಲ. ಅದರ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಒತ್ತಿದ ಕುಳಿ ಹಾಗೇ ಉಳಿಯಿತು.

"ಮೈ ತುಂಬ್ಯಾಳಲ್ರಿ?" ಎಂದಳು ಹನುಮವ್ವ, ಹೆಮ್ಮೆಯಿಂದ.

"ಮೈ ತುಂಬಿಲ್ಲ ಹನುಮವ್ವ, ನೀರು ತುಂಬಿದೆ" ಎಂದೆ. ಸಿಟ್ಟು ಬಂದಿತ್ತು. ಕೇಳಿದರೆ, ರೇಣುಕಾ ಮತ್ತೆ ಬಸುರಿಯಾದ ಮೇಲೆ ಮಗುವಿಗೆ ಮೊಲೆ ಬಿಡಿಸಿದ್ದರು. ಹಾಲು ಕೊಟ್ಟಾಗ ಭೇದಿಯಾಯಿತೆಂದು ಹಾಲು ನಿಲ್ಲಿಸಿದ್ದರು. ಬೇಳೆ ಕೊಟ್ಟಾಗ ಹೊಟ್ಟೆ ಉಬ್ಬಿತೆಂದು ಬೇಳೆಯೂ ನಿಂತಿತ್ತು. ಉಳಿದದ್ದು ಅನ್ನದ ಗಂಜಿ ಮತ್ತು ಎಳೆಕಾಳು ಬೆಂದ ನೀರು. ಸಸಾರಜನಕ ಸಿಗದ ಮೈಯಲ್ಲಿ ನೀರು ನಿಲ್ಲುತ್ತದೆ. ಆ ಎಳೆಕಾಳಿನಲ್ಲೇ ಅದು ಇನ್ನೂ ಸರಿಯಾಗಿ ಸೇರಿರಲಿಲ್ಲ, ಬಸಿದ ನೀರಿನಲ್ಲಿ ಏನು ಇದ್ದೀತು? ಬಲಿತ ಕಾಳು ಹೊಟ್ಟೆಗೆ ಭಾರ ಎಂಬುದು ಸುಳ್ಳಲ್ಲ. ನೆನೆಸಿ, ಮೆತ್ತಗೆ ಬೇಯಿಸಿ, ಕಿವುಚಿ ಸ್ವಲ್ಪಸ್ವಲ್ಪವೇ ರೂಢಿ ಮಾಡಿಸಬೇಕು. ಈಗ ಅದನ್ನು ಹೇಳಿ ಕೂರುವ ಹೊತ್ತಾಗಿರಲಿಲ್ಲ.

"ಈಗಲೇ ಬಳ್ಳಾರಿಗೆ, ಆಸ್ಪತ್ರೆಗೆ" ಎಂದೆ.

"ಏನಾಗೇತ್ರಿ ಕೂಸಿಗೆ? ಜ್ವರಾ ಇಲ್ಲ, ನೆಗಡಿ ಇಲ್ಲ. ಮಗ ಊರಾಗಿಲ್ಲ, ಭತ್ತ ಕೊಯ್ಯೋ ಮಷಿನ್ ಜೋಡಿ ರಾಯಚೂರ ಕಡಿ ಹೋಗ್ಯಾನ. ಅಂವ ಬರ್ಲಿ" ಎಂದು ಹನುಮವ್ವ ಮಗುವನ್ನು ಕಿತ್ತುಕೊಂಡಳು. ಅಂಗನವಾಡಿಯಾಕೆ ಹೇಳಿದಾಗಲೂ ಹೀಗೇ ಮಾಡಿದ್ದಳಂತೆ. ರೇಣುಕಾ ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿಕೊಂಡು ಬಂದಳು. "ಅತ್ತಿ, ನಾ ಹೊಂಟೀನಿ. ನೀವೂ ಬರ್ರಿ, ಇಲ್ಲಾಂದ್ರ ಕೂಸು ಕೊಡ್ರಿ" ಎಂದಳು. ಹನುಮವ್ವ ಅವಳ ಮುಖವನ್ನೊಮ್ಮೆ, ಹೊಟ್ಟೆಯನ್ನೊಮ್ಮೆ ನೋಡಿದಳು. ಆಮೇಲೆ ಬಟ್ಟಲಿನ ಕಾಯಿಗಳನ್ನು ಸೆರಗಿಗೆ ಸುರಿದು ಗಂಟು ಹಾಕಿಕೊಂಡು ಎದ್ದಳು.

ತೊಗರಿಯ ಊಟ ಅಲ್ಲೇ ಉಳಿಯಿತು. ಆಟೋಕ್ಕೆ ಮುನ್ನೂರು ಕೊಟ್ಟು ಸಿರುಗುಪ್ಪಕ್ಕೆ, ಅಲ್ಲಿಂದ ಬಳ್ಳಾರಿ ಬಸ್ಸಿಗೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ಬೇಸಿಗೆ ಬೆಳೆಯ ನಾಟಿ ನಡೆದಿತ್ತು. ಗಂಗಿ ಅಜ್ಜಿಯ ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಇದ್ದಳು, ಕಿಟಕಿಯ ಕಡೆ ಒಮ್ಮೆಯೂ ತಿರುಗಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯೆ ಮಗುವನ್ನು ನೋಡಿದ ತಕ್ಷಣ ಒಳಗೆ ಕರೆದುಕೊಂಡು ಹೋದರು. ರೇಣುಕಾಳೂ ಜೊತೆಗೆ ಹೋದಳು. "ತಡವಾಗಿದೆ. ಸೋಂಕೂ ಸೇರಿಕೊಂಡಿದೆ. ಈಗಲೇ ಏನೂ ಹೇಳಲಾಗುವುದಿಲ್ಲ" ಎಂದು ನನ್ನೊಬ್ಬಳಿಗೇ ಹೇಳಿದರು. ಹೊರಗೆ ಬೆಂಚಿನ ಮೇಲೆ ಹನುಮವ್ವ ಕಾಯುತ್ತಿದ್ದಳು. ಎಳೆಕಾಳಿನಲ್ಲಿ ಏನಿಲ್ಲ, ಬಲಿತದ್ದರಲ್ಲಿ ಏನು ಬಂದು ಸೇರುತ್ತದೆ ಎಂಬುದನ್ನು ತಿಳಿಯುವಂತೆ ಹೇಳಿದೆ. ದನಿಯಲ್ಲಿದ್ದ ಸಿಟ್ಟೆಲ್ಲ ಅಷ್ಟರಲ್ಲಿ ಇಳಿದುಹೋಗಿತ್ತು.

ಅವಳು ಸೆರಗಿನ ಗಂಟನ್ನು ಹಿಡಿದುಕೊಂಡು ಕೇಳಿದಳು. "ಹಂಗಾದ್ರ ನಮ್ಮ ಕೂಸಿಗೆ ಬೇಕಾಗಿದ್ದು ನಾ ದಿನಾ ಟಗರಿಗೆ ಒಗದದ್ದೇನ್ರಿ?"

ಹನುಮವ್ವ ಸೆರಗಿನ ಗಂಟು ಬಿಚ್ಚಿದಳು. ಒಂದು ಕಾಯಿ ತೆಗೆದು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ನೋಡಿದಳು, ಬದಿಗಿಟ್ಟಳು. ಇನ್ನೊಂದನ್ನು ಹಿಡಿದಳು. ನಾನು ಮನೆಗೆ ಹೊರಟು ಬಾಗಿಲಲ್ಲಿ ತಿರುಗಿ ನೋಡಿದಾಗಲೂ ಅವಳು ಹಾಗೇ ಒಂದೊಂದನ್ನೇ ಎತ್ತಿ ನೋಡುತ್ತಿದ್ದಳು. ಅಷ್ಟು ಕಾಯಿಗಳಲ್ಲಿ ತುಂಬಿದ ಒಂದು ಕಾಳಿಗಾಗಿ ಹುಡುಕುತ್ತಿದ್ದಳು. ಒಂದೂ ಇರಲಿಲ್ಲ.